ಬ್ಲಾಕಿನ ಕೆಳಗೆ ಚಂದ್ರನ ಹಬ್ಬ: ಚೀನೀ ನೆರೆಯವರೊಡನೆ ಮೂನ್‌ಕೇಕ್ ಸಂಜೆ ನಡೆಸಲು ಸಮಗ್ರ ಮಾರ್ಗದರ್ಶಿ

ಸಿಂಗಪುರದ ಎಚ್‌ಡಿಬಿ ಬ್ಲಾಕುಗಳಲ್ಲಿ, ಎಂದರೆ ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿಗಳಲ್ಲಿ, ಕನ್ನಡದವರು ಮತ್ತು ಚೀನೀಯರು ಸೇರಿ ಹಬ್ಬ ಮಾಡಬೇಕೆಂದು ಹೊರಟಾಗ ಹೆಚ್ಚಿನ ಸಲ ಆಗುವುದು ಇಷ್ಟೇ: ಒಂದು ವೇದಿಕೆ, ಒಂದು ಸಿಂಹನೃತ್ಯ, ಒಂದು ಭರತನಾಟ್ಯ, ನಾಲ್ಕು ಭಾಷಣ, ಕೊನೆಗೆ ಪ್ಯಾಕೆಟ್ ಊಟ. ಚೀನೀಯರು ಒಂದು ಕಡೆ, ನಮ್ಮವರು ಇನ್ನೊಂದು ಕಡೆ ಕೂತು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಮರುದಿನ ಲಿಫ್ಟಿನಲ್ಲಿ ಮತ್ತೆ ಅದೇ ಮೌನ.

ಇಲ್ಲಿ ಹೇಳುವುದು ಬೇರೆ ಬಗೆಯ ಸಂಜೆಯ ಬಗ್ಗೆ. ವೇದಿಕೆ ಇಲ್ಲ, ಕೈಕೆಲಸ ಇದೆ. ಸುಮಾರು 60 ಜನ, ಮೂರು ಗಂಟೆ, ವಾಯ್ಡ್ ಡೆಕ್, ಎಂದರೆ ಬ್ಲಾಕಿನ ನೆಲಮಟ್ಟದ ತೆರೆದ ಜಾಗ. ಹಬ್ಬ ಮಧ್ಯ ಶರತ್ಕಾಲದ್ದು, ಚೀನೀ ಎಂಟನೇ ತಿಂಗಳ ಹದಿನೈದನೇ ದಿನ. ಹೂರಣ ತುಂಬಿ ಅಚ್ಚೊತ್ತಿದ ಮೂನ್‌ಕೇಕ್ ಈ ಹಬ್ಬದ ಸಿಹಿ. ಹೊಸವರ್ಷಕ್ಕಿಂತ ಇದೇ ಒಳ್ಳೆಯದು. ಹೊಸವರ್ಷದಲ್ಲಿ ಚೀನೀ ಮನೆಗಳು ತಮ್ಮ ನೆಂಟರ ಮನೆ ಸುತ್ತುವುದರಲ್ಲೇ ಮುಳುಗಿರುತ್ತವೆ, ಸಿಂಹನೃತ್ಯದ ತಂಡಗಳಿಗೆ ಬಿಡುವಿರುವುದಿಲ್ಲ. ಮಧ್ಯ ಶರತ್ಕಾಲಕ್ಕೆ ಚೀನಾದಲ್ಲಿ 2008ರಿಂದ ಸರ್ಕಾರಿ ರಜೆ ಇದ್ದರೂ ಸಿಂಗಪುರದಲ್ಲಿ ಇಲ್ಲ. ಹಾಗಾಗಿ ಎಲ್ಲರೂ ಊರಲ್ಲೇ ಇರುತ್ತಾರೆ, ಸಂಜೆ ಹೊತ್ತು ಸಿಗುತ್ತಾರೆ.

ಮೊದಲು ದಿನ ನಿಶ್ಚಯಿಸಿ, ಆಮೇಲೆ ಉಳಿದದ್ದು

ದಿನ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಜನ ಬರುವುದಿಲ್ಲ. ಇಲ್ಲಿ ಎರಡೂ ಕಡೆಯ ಪಂಚಾಂಗ ನೋಡಬೇಕು.

ಚೀನೀಯರ ಏಳನೇ ತಿಂಗಳು ತೀರಿಕೊಂಡವರ ತಿಂಗಳು. ಬೀದಿ ಬದಿಯಲ್ಲಿ ಕಾಗದ ಸುಡುವುದು, ಅಗರಬತ್ತಿ, ಹಣ್ಣು ಇಡುವುದು ಕಾಣುತ್ತದಲ್ಲ, ಅದೇ. ಆ ತಿಂಗಳಲ್ಲಿ ಶುಭಕಾರ್ಯಕ್ಕೆ ಹಿರಿಯರು ಒಪ್ಪುವುದಿಲ್ಲ. ಅದು ಮುಗಿದು ಎಂಟನೇ ತಿಂಗಳು ಶುರುವಾದರೆ ನಮಗೆ ಸಾಮಾನ್ಯವಾಗಿ ಭಾದ್ರಪದ ಶುಕ್ಲ, ಗಣೇಶನ ಹದಿನೈದು ದಿನ. ಹುಣ್ಣಿಮೆ ದಾಟಿತೋ ನಮ್ಮ ಪಿತೃಪಕ್ಷ ಶುರು, ಆಗ ನಮ್ಮ ಮನೆಯ ಹಿರಿಯರು ಒಪ್ಪುವುದಿಲ್ಲ. ಅವರ ಪಿತೃಗಳ ತಿಂಗಳಿಗೂ ನಮ್ಮ ಪಿತೃಗಳ ಪಕ್ಷಕ್ಕೂ ನಡುವೆ ಸಿಗುವುದು ಹದಿನೈದೇ ದಿನ. "ಹಬ್ಬ ಮುಗಿದ ಮೇಲಿನ ವಾರ ಮಾಡೋಣ, ಎಲ್ಲರಿಗೂ ಬಿಡುವಿರುತ್ತದೆ" ಎಂಬ ಸಲಹೆ ಸಭೆಯಲ್ಲಿ ಬಂದೇ ಬರುತ್ತದೆ. ಒಪ್ಪಬೇಡಿ.

2026ರ ಲೆಕ್ಕ ಹೀಗಿದೆ. ಎಂಟನೇ ತಿಂಗಳು ಸೆಪ್ಟೆಂಬರ್ 11ಕ್ಕೆ ಶುರು, ಗಣೇಶ ಚೌತಿ 14ಕ್ಕೆ, ಮಧ್ಯ ಶರತ್ಕಾಲ 25, ಶುಕ್ರವಾರ. ಹಬ್ಬದ ದಿನವೇ ಕಾರ್ಯಕ್ರಮ ಇಡಬೇಡಿ, ಅಂದು ಅವರು ಮನೆಮಂದಿಯೆಲ್ಲ ಕೂಡಿ ಊಟಕ್ಕೆ ಕೂರುವ ದಿನ. 26, ಶನಿವಾರ ಇಡಿ. ನಮ್ಮ ಲೆಕ್ಕದಲ್ಲಿ ಅಂದು ಭಾದ್ರಪದ ಹುಣ್ಣಿಮೆ, ಪಕ್ಷ ಇನ್ನೂ ಹಿಡಿದಿರುವುದಿಲ್ಲ. "ಹದಿನೈದರ ಚಂದ್ರ ಹದಿನಾರಕ್ಕೆ ದುಂಡಗೆ" ಎಂದು ಚೀನೀ ಭಾಷೆಯಲ್ಲೇ ಒಂದು ಮಾತಿದೆ. ಒಂದು ದಿನ ತಡವಾಯಿತೆಂದು ಯಾರಾದರೂ ಕೊಂಕು ತೆಗೆದರೆ ಆ ಮಾತನ್ನು ಅಲ್ಲಿನ ಆಂಟಿಯೇ ಹೇಳುತ್ತಾರೆ.

ಅಧಿಕಮಾಸ ಎರಡು ಪಂಚಾಂಗಗಳಲ್ಲಿ ಬೇರೆ ಬೇರೆ ವರ್ಷ ಬಂದಾಗ ಈ ಲೆಕ್ಕ ಒಂದು ತಿಂಗಳು ಜಾರುತ್ತದೆ. 2025ರಲ್ಲಿ ಹಾಗಾಗಿ ಅವರ ಹಬ್ಬ ಅಕ್ಟೋಬರ್ 6ಕ್ಕೆ, ನಮ್ಮ ಶರದ್ ಹುಣ್ಣಿಮೆಗೆ ಬಂತು. ಪ್ರತಿ ವರ್ಷ ಎರಡೂ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ.

ಜಾಗ ಮತ್ತು ಅನುಮತಿ

ವಾಯ್ಡ್ ಡೆಕ್ ಬ್ಲಾಕುಗಳ ನಿರ್ವಹಣೆ ನೋಡಿಕೊಳ್ಳುವ ಟೌನ್ ಕೌನ್ಸಿಲ್ ಕೈಯಲ್ಲಿರುತ್ತದೆ. ಬ್ಲಾಕಿನ ನಿವಾಸಿಗಳ ಸಮಿತಿಯಾದ ರೆಸಿಡೆಂಟ್ಸ್ ನೆಟ್‌ವರ್ಕ್ ಮೂಲಕ ಹೋದರೆ ಕೆಲಸ ಸುಲಭ, ಮೇಜು ಕುರ್ಚಿಯೂ ಅವರಲ್ಲೇ ಸಿಗಬಹುದು. ಎರಡು ತಿಂಗಳು ಮೊದಲೇ ಕೇಳಿ, ಏಕೆಂದರೆ ಅದೇ ವಾರ ಅದೇ ಜಾಗಕ್ಕೆ ಇನ್ನೂ ನಾಲ್ಕು ಜನ ಕಣ್ಣಿಟ್ಟಿರುತ್ತಾರೆ. ವಿದ್ಯುತ್ ಬೇಕೆಂಬುದನ್ನು ಅರ್ಜಿಯಲ್ಲೇ ಬರೆಯಿರಿ. ಆ ದಿನ ಸಂಜೆ ಪ್ಲಗ್ಗಿನ ಮುಂದೆ ನಿಂತು ಬೀಗ ಯಾರ ಹತ್ತಿರ ಎಂದು ಹುಡುಕುವ ಪರಿಸ್ಥಿತಿ ಬೇಡ. ಗ್ಯಾಸ್ ಒಲೆ ಇಡುವ ಯೋಚನೆ ಬಿಡಿ. ಬೇಯಿಸುವುದೆಲ್ಲ ಮನೆಯಲ್ಲೇ ಆಗಲಿ.

ತಂಡ ಆರು ಜನರದ್ದು ಸಾಕು: ಮೂವರು ಚೀನೀಯರು, ಮೂವರು ನಮ್ಮವರು. ಆದರೆ ಅಡುಗೆ ಮತ್ತು ಆಚರಣೆಯ ವಿಷಯದಲ್ಲಿ ಕೊನೆಯ ಮಾತು ಚೀನೀ ಆಂಟಿಯರದ್ದಾಗಿರಲಿ. ಅಂತರ್ಜಾಲದಲ್ಲಿ ಓದಿದ್ದನ್ನು ಹಿಡಿದು ಅವರ ಹಬ್ಬವನ್ನು ಅವರಿಗೇ ವಿವರಿಸಲು ಹೋಗುವುದಕ್ಕಿಂತ ಮುಜುಗರದ ಸಂಗತಿ ಇನ್ನೊಂದಿಲ್ಲ. ಚೀನೀಯರಲ್ಲೇ ಬೇರೆ ಬೇರೆ ಸೀಮೆ, ನುಡಿಯವರಾದ ಹೊಕ್ಕಿಯನ್, ಕ್ಯಾಂಟನೀಸ್, ತಿಯೋಚು ಮನೆಗಳಲ್ಲಿ ಪದ್ಧತಿ ಬೇರೆ ಬೇರೆ, ತಿಯೋಚು ಮೂನ್‌ಕೇಕಂತೂ ಪದರಪದರದ ಚಿರೋಟಿಯ ಜಾತಿಯದು. ಬ್ಲಾಕಿನಲ್ಲಿ ಯಾರಿದ್ದಾರೋ ಅವರ ಪದ್ಧತಿ ನಡೆಯಲಿ.

ಒಂದೇ ಬೇಳೆ, ಎರಡು ಹೊದಿಕೆ

ಇಡೀ ಸಂಜೆಯ ಜೀವ ಇರುವುದು ಈ ಮೇಜಿನಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಒಲೆಯಲ್ಲಿ ಬೇಯಿಸುವ ಕ್ಯಾಂಟನೀಸ್ ಮೂನ್‌ಕೇಕ್ ಮಾಡಲು ಹೋಗಬೇಡಿ. ಅದಕ್ಕೆ ಸಕ್ಕರೆ ಪಾಕ, ಕ್ಷಾರದ ನೀರು ಬೇಕು. ಬೇಯಿಸಿದ ಮೇಲೂ ಎಣ್ಣೆ ಹೊದಿಕೆಗೆ ಮರಳಿ ಬಂದು ಮೆತ್ತಗಾಗಲು ಒಂದೆರಡು ದಿನ ಬಿಡಬೇಕು. ಸಂಜೆಯ ಕೈಕೆಲಸಕ್ಕೆ ಸರಿಹೊಂದುವುದು ಸ್ನೋ ಸ್ಕಿನ್ ಮೂನ್‌ಕೇಕ್: ಹೊದಿಕೆಯನ್ನು ಮೊದಲೇ ಹಬೆಯಲ್ಲಿ ಬೇಯಿಸಿ ತಣ್ಣಗಾಗಿಸಿಟ್ಟರೆ, ಅಲ್ಲಿ ಬರೀ ತುಂಬಿ ಅಚ್ಚು ಒತ್ತುವುದಷ್ಟೇ. ಮೊಟ್ಟೆ ಇಲ್ಲ, ಹಂದಿ ಕೊಬ್ಬು ಇಲ್ಲ. ಸಸ್ಯಾಹಾರಿಗಳೂ ತಿನ್ನಬಹುದು. ಸಾಮಗ್ರಿಗೆ ಹಲಾಲ್ ಗುರುತಿದ್ದು, ಪಾತ್ರೆಗಳೂ ಅದಕ್ಕೆ ತಕ್ಕಂತಿದ್ದರೆ ಮಲಯ ನೆರೆಯವರೂ ಕೈ ಹಾಕುತ್ತಾರೆ.

50 ಗ್ರಾಂ ಅಚ್ಚಿಗೆ 25 ಗ್ರಾಂ ಹೊದಿಕೆ, 25 ಗ್ರಾಂ ಹೂರಣ. ಒಂದು ಅಳತೆಗೆ:

- ಅಂಟಕ್ಕಿ ಹಿಟ್ಟು 45 ಗ್ರಾಂ (ಪ್ಯಾಕೆಟ್ ಮೇಲೆ ಗ್ಲೂಟಿನಸ್ ರೈಸ್ ಫ್ಲೋರ್ ಎಂದಿರುತ್ತದೆ)
- ಸಾಧಾರಣ ಅಕ್ಕಿ ಹಿಟ್ಟು 35 ಗ್ರಾಂ
- ವೀಟ್ ಸ್ಟಾರ್ಚ್ 20 ಗ್ರಾಂ. ಗೋಧಿ ಹಿಟ್ಟಲ್ಲ, ಅದರ ಗಂಜಿ ಪುಡಿ
- ಸಕ್ಕರೆ ಪುಡಿ 50 ಗ್ರಾಂ
- ಹಾಲು 185 ಗ್ರಾಂ
- ವಾಸನೆಯಿಲ್ಲದ ಎಣ್ಣೆ 20 ಗ್ರಾಂ

ಇದರಿಂದ 13 ಆಗುತ್ತವೆ. 60 ಜನಕ್ಕೆ ಐದು ಅಳತೆ ಮಾಡಿದರೆ 65, ಹಾಳಾಗುವುದಕ್ಕೂ ನಾಲ್ಕೈದು ಉಳಿಯುತ್ತದೆ. ಐದನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸಬೇಡಿ, ನಡು ಬೇಯುವುದಿಲ್ಲ. ತಟ್ಟೆಯಲ್ಲಿ ಎರಡು ಸೆಂಟಿಮೀಟರಿಗಿಂತ ದಪ್ಪ ಇರಬಾರದು.

ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ, ಸೋಸಿ, ಅರ್ಧ ಗಂಟೆ ಬಿಡಿ. ಹಬೆಯಲ್ಲಿ 20ರಿಂದ 25 ನಿಮಿಷ. ನಡುವೆ ಚಾಕು ಹಾಕಿದಾಗ ಹಾಲಿನಂಥ ಬಿಳಿ ನೀರು ಕಂಡರೆ ಇನ್ನೂ ಐದು ನಿಮಿಷ. ಇಳಿಸಿದಾಗ ಮೇಲೆ ಎಣ್ಣೆ ತೇಲುತ್ತಿರುತ್ತದೆ; ಏನೋ ಕೆಟ್ಟಿತು ಎಂದುಕೊಂಡು ಬಹಳ ಜನ ಅದನ್ನು ಚೆಲ್ಲಿಬಿಡುತ್ತಾರೆ. ಚೆಲ್ಲಬೇಡಿ. ಬಿಸಿ ಇರುವಾಗಲೇ ಚಮಚದಲ್ಲಿ, ಕೈ ತಾಳುವಷ್ಟಾದ ಮೇಲೆ ಕೈಯಲ್ಲಿ ನಾದಿದರೆ ಎಣ್ಣೆಯೆಲ್ಲ ಒಳಗೆ ಹೋಗಿ ಹಿಟ್ಟು ನುಣುಪಾಗುತ್ತದೆ. ಎಣ್ಣೆ ಚೆಲ್ಲಿದ ಹಿಟ್ಟು ಮರುದಿನಕ್ಕೆ ರಬ್ಬರು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಕನಿಷ್ಠ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೂ ನಡೆಯುತ್ತದೆ.

ಕೈಗೆ ಸವರಿಕೊಳ್ಳಲು ಬೇರೆ 100 ಗ್ರಾಂ ಅಂಟಕ್ಕಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಆರೇಳು ನಿಮಿಷ, ತುಸು ಹಳದಿಗೆ ತಿರುಗುವವರೆಗೆ ಹುರಿದಿಡಿ. ಹಸಿ ಹಿಟ್ಟು ಬಳಸಬಾರದು, ಏಕೆಂದರೆ ಇದನ್ನು ಮತ್ತೆ ಬೇಯಿಸುವುದಿಲ್ಲ.

ಇನ್ನು ಹೂರಣ. ಚೀನೀ ಅಂಗಡಿಯಲ್ಲಿ ತಾವರೆ ಬೀಜದ ಹೂರಣ ಸಿದ್ಧವಾಗಿ ಸಿಗುತ್ತದೆ. ಆದರೆ ಹೆಸರುಬೇಳೆಯ ಹೂರಣವೂ ಅಷ್ಟೇ ರೂಢಿಯದು, ನಮಗೆ ಅದರ ಹದ ಕೈಯಲ್ಲೇ ಇದೆ. 65ಕ್ಕೂ ಸೇರಿ 600 ಗ್ರಾಂ ಬೇಳೆಯನ್ನು ನಾಲ್ಕು ಗಂಟೆ ನೆನೆಸಿ, ನೀರಿನಲ್ಲಿ ಅಲ್ಲ, ಹಬೆಯಲ್ಲಿ ಬೇಯಿಸಿ ರುಬ್ಬಿ. ದಪ್ಪ ತಳದ ಬಾಣಲೆಯಲ್ಲಿ 300 ಗ್ರಾಂ ಸಕ್ಕರೆ, 150 ಗ್ರಾಂ ಎಣ್ಣೆಯನ್ನು ಮೂರು ಸಲಕ್ಕೆ ಹಾಕುತ್ತಾ ಕೆದಕಿ. ಹೋಳಿಗೆ ಹೂರಣದ ಪರೀಕ್ಷೆಯೇ ಇಲ್ಲಿಯೂ: ತಳ ಬಿಡಬೇಕು, ಉಂಡೆ ಕಟ್ಟಿದರೆ ಕೈಗೆ ಅಂಟಬಾರದು. ಸಡಿಲವಾದರೆ ಅಚ್ಚಿನಿಂದ ಹೊರಬಂದ ಎರಡೇ ನಿಮಿಷಕ್ಕೆ ಮೂನ್‌ಕೇಕ್ ಸೊಂಟ ಇಳಿಸಿ ಕೂರುತ್ತದೆ.

ಪಕ್ಕದ ಮೇಜಿನಲ್ಲಿ ಅದೇ ಬೇಳೆಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿದ ಹೂರಣ, ಉಕ್ಕರಿಸಿದ ಅಕ್ಕಿಹಿಟ್ಟು ಇಡಿ. ಮೋದಕ. ಗಣೇಶ ಬಂದುಹೋಗಿ ಎರಡು ವಾರವೂ ಆಗಿರುವುದಿಲ್ಲ, ನಮ್ಮ ಮನೆಗಳಲ್ಲಿ ಕೈ ಇನ್ನೂ ಪಳಗಿರುತ್ತದೆ. ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. ಜ್ಯಾವೊಝ, ಎಂದರೆ ಹೂರಣ ತುಂಬಿದ ಚೀನೀ ಕಡುಬು, ಮಡಚಿ ಅಭ್ಯಾಸವಿರುವ ಚೀನೀ ಆಂಟಿ ಹಿಟ್ಟಿನ ಬಟ್ಟಲನ್ನು ಎಡ ಅಂಗೈಯಲ್ಲಿಟ್ಟು, ಬಲಗೈ ಹೆಬ್ಬೆರಳಿನಿಂದ ಅಂಚನ್ನು ತಳ್ಳಿ ತೋರುಬೆರಳಿನಿಂದ ಮಡಿಕೆ ಎತ್ತುತ್ತಾರೆ. ನಮ್ಮವರು ಎರಡು ಬೆರಳಲ್ಲಿ ಚಿವುಟಿ ಎಳೆ ತೆಗೆಯುತ್ತಾರೆ. ಅವರ ಮಡಿಕೆ ಒಂದೇ ದಿಕ್ಕಿಗೆ ವಾಲುತ್ತದೆ, ನಮ್ಮದು ನೆಟ್ಟಗೆ ನಿಲ್ಲುತ್ತದೆ. ಭಾಷೆ ಬಾರದ ಇಬ್ಬರು ಅಜ್ಜಿಯರು ಇದೊಂದರ ಮೇಲೆ ಅರ್ಧ ಗಂಟೆ ಕಳೆಯಬಲ್ಲರು, ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಯಾರಿಂದಲೂ ಬರೆಯಲಾಗದು. ಮಾಡಿದ ಮೋದಕಗಳನ್ನು ಹತ್ತಿರದ ಮನೆಗೆ ಒಯ್ದು ಹಬೆಯಲ್ಲಿ ಬೇಯಿಸಿ ತನ್ನಿ, ಹನ್ನೆರಡು ನಿಮಿಷ ಸಾಕು.

ಮೂನ್‌ಕೇಕಿಗೆ ಮೂರು ಮೇಜು, ಮೇಜಿಗೆ ಎರಡು ಒತ್ತುಅಚ್ಚು, ಒಬ್ಬ ಚೀನೀ ಆಂಟಿ, ಒಬ್ಬ ಕನ್ನಡದ ಸಹಾಯಕಿ. ಒಂದು ಸಲಕ್ಕೆ ಮೇಜಿಗೆ ಐದು ಜನ, ಹದಿನೈದು ನಿಮಿಷ. ನಾಲ್ಕು ಸುತ್ತಿಗೆ ಒಂದು ಗಂಟೆಯಲ್ಲಿ 60 ಜನ ಮುಗಿಯುತ್ತಾರೆ. ಉಂಡೆಗಳನ್ನು ಮನೆಯಲ್ಲೇ ತೂಗಿ ಕಟ್ಟಿ ತನ್ನಿ. ಅಲ್ಲಿ ತಕ್ಕಡಿ ಇಟ್ಟರೆ ಸಾಲು ನಿಂತುಬಿಡುತ್ತದೆ.

ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಅಚ್ಚಿಗೆ ಹಿಟ್ಟು ಜಾಸ್ತಿ ಉದುರಿಸಿದರೆ ಚಿತ್ತಾರ ಮಸುಕಾಗುತ್ತದೆ. ಉದುರಿಸಿ, ಕವುಚಿ ತಟ್ಟಿ, ಆಮೇಲೆ ಒತ್ತಿ. ಒತ್ತಿದ ತಕ್ಷಣ ಅಚ್ಚು ಎತ್ತಿದರೆ ಅಂಚು ಹರಿಯುತ್ತದೆ. ಎರಡು ಎಣಿಸಿ ಎತ್ತಿ. ಮೂರನೆಯದು ಸಿಂಗಪುರದ ಸೆಕೆ: ಹಿಟ್ಟು 15 ನಿಮಿಷಕ್ಕೇ ಅಂಟಂಟಾಗುತ್ತದೆ. ಒಂದು ಸುತ್ತಿನದನ್ನು ಮಾತ್ರ ಹೊರಗೆ ತೆಗೆಯಿರಿ, ಉಳಿದದ್ದು ಐಸ್ ಪೆಟ್ಟಿಗೆಯಲ್ಲೇ ಇರಲಿ. ಮಾಡಿದ್ದನ್ನು ಎರಡು ಗಂಟೆಯೊಳಗೆ ತಿನ್ನಬೇಕು, ಇಲ್ಲವೇ ಫ್ರಿಜ್ಜಿಗೆ ಹೋಗಬೇಕು.

ಬೇಯಿಸಿದ ಮೂನ್‌ಕೇಕನ್ನೂ ರುಚಿ ನೋಡಲು ಅಂಗಡಿಯಿಂದ ತನ್ನಿ, ನಾಲ್ಕರ ಎರಡು ಪೆಟ್ಟಿಗೆ. ಒಂದೊಂದನ್ನು ಎಂಟು ತುಂಡು ಮಾಡಿದರೆ 64 ತುಂಡು. ನಮ್ಮವರು ಉದಾರವಾಗಿ ಒಬ್ಬರಿಗೆ ಒಂದಿಡೀ ಕೊಡುತ್ತಾರೆ. ಅಷ್ಟು ಎಣ್ಣೆ, ಸಕ್ಕರೆ ಯಾರಿಗೂ ಸೇರದು, ಅದು ಹಂಚಿ ತಿನ್ನುವ ತಿಂಡಿ. ಕೊಳ್ಳುವಾಗ ಪೆಟ್ಟಿಗೆಯ ಹಿಂಬದಿ ಓದಿ. ಉಪ್ಪಿನ ಬಾತುಕೋಳಿ ಮೊಟ್ಟೆ, ಹಂದಿ ಕೊಬ್ಬು, ಕೆಲವದರಲ್ಲಿ ಮದ್ಯವೂ ಇರುತ್ತದೆ. ಪ್ರತಿ ತಟ್ಟೆಯ ಮುಂದೆ ಏನಿದೆ ಎಂಬ ಚೀಟಿ ಕಡ್ಡಾಯ.

ಚಹಾ

ಮೂನ್‌ಕೇಕಿನ ಸಿಹಿಯನ್ನು ಕಡಿಯಲು ಊಲಾಂಗ್ ಚಹಾ ಬೇಕು, ಹಾಲು ಸಕ್ಕರೆ ಇಲ್ಲದೆ. ಒಬ್ಬರಿಗೆ 80 ಮಿಲಿಲೀಟರಿನ ಎರಡು ಲೋಟ ಎಂದರೆ 10 ಲೀಟರ್, ಲೀಟರಿಗೆ 8 ಗ್ರಾಂ ಎಲೆ. ಕುದಿಯುವುದು ನಿಂತ ನೀರಿಗೆ ಬಟ್ಟೆ ಚೀಲದಲ್ಲಿ ಎಲೆ ಇಳಿಸಿ, ಐದು ನಿಮಿಷಕ್ಕೆ ಎತ್ತಿಬಿಡಿ. ಡ್ರಮ್ಮಿನಲ್ಲೇ ಬಿಟ್ಟರೆ ಕಾಲು ಗಂಟೆಗೆ ಕಹಿ. ನಮ್ಮವರಲ್ಲಿ ಅರ್ಧ ಜನ ಮೊದಲ ಗುಟುಕಿಗೆ ಮುಖ ಸಿಂಡರಿಸುತ್ತಾರೆ, ಸಿಹಿ ಬಾಯಲ್ಲಿರುವಾಗ ಕುಡಿಯಲು ಹೇಳಿ.

ಮೇಜಿನ ಮೇಲೆ ಒಂದು ಚೀಟಿ ಅಂಟಿಸಿಡಿ: ನಾವು ಹೇಳುವ "ಚಹಾ" ಚೀನೀ "ಛಾ"ದಿಂದ ಬಂದದ್ದು, "ಟೀ" ಬಂದದ್ದು ಹೊಕ್ಕಿಯನ್ನರ "ತೆ"ಯಿಂದ. ಎರಡೂ ಮಾತು ಕನ್ನಡದ ಮನೆಗಳಲ್ಲಿವೆ. ಹೊಕ್ಕಿಯನ್ ಅಂಕಲ್‌ಗಳಿಗೆ ಇದನ್ನು ಹೇಳಿದರೆ ಅವರು ಇನ್ನೊಂದು ಲೋಟ ಬಗ್ಗಿಸುತ್ತಾರೆ.

ಲಾಂದ್ರ

ಮಂಗಳೂರು ಕಡೆಯ ಗೂಡುದೀಪ ಕಟ್ಟಿದವರಿಗೆ ಇದು ಹೊಸ ವಿದ್ಯೆಯಲ್ಲ. ನಾಲ್ಕು ಮೂಲೆಯ ಒಂದು ಲಾಂದ್ರಕ್ಕೆ 25 ಸೆಂಟಿಮೀಟರಿನ ನಾಲ್ಕು ಬಿದಿರ ಕಡ್ಡಿ, 15ರ ಎಂಟು ಕಡ್ಡಿ. ಮೇಲೊಂದು, ಕೆಳಗೊಂದು ಚೌಕ ಕಟ್ಟಿ, ನಡುವೆ ಉದ್ದ ಕಡ್ಡಿ ನಿಲ್ಲಿಸಿ, ಮೂಲೆಗಳನ್ನು ಹತ್ತಿನೂಲಿನಿಂದ ಅಡ್ಡಡ್ಡ ಬಿಗಿದು ಗಂಟಿನ ಮೇಲೆ ಅಂಟು ಸವರಿ. ಕೆಳ ಚೌಕಕ್ಕೆ ಇನ್ನೊಂದು ಕಡ್ಡಿ ಅಡ್ಡ ಕಟ್ಟಿದರೆ ದೀಪ ಕೂರಲು ಜಾಗ. ಗಾಳಿಪಟದ ತೆಳು ಕಾಗದವನ್ನು 62ಕ್ಕೆ 25 ಸೆಂಟಿಮೀಟರ್ ಕತ್ತರಿಸಿ. ನಾಲ್ಕು ಬದಿಗೆ 60, ಒಂದರ ಮೇಲೊಂದು ಅಂಟಲು 2. ಮೈದಾ ಅಂಟು ತೆಳ್ಳಗಿರಲಿ. ಕಾಗದ ಸುಕ್ಕಾದರೆ ಗಾಬರಿ ಬೇಡ, ಒಣಗಿದ ಮೇಲೆ ನೀರಿನ ಹನಿ ಸಿಂಪಡಿಸಿದರೆ ಬಿಗಿದುಕೊಳ್ಳುತ್ತದೆ. ಚೌಕಟ್ಟನ್ನು ಹಿಂದಿನ ವಾರವೇ ಕಟ್ಟಿಡಿ. ಮಕ್ಕಳಿಗೆ ಚಿತ್ರ ಬಿಡಿಸುವುದು, ಕಾಗದ ಹಚ್ಚುವುದು ಬಿಡಿ.

ಒಳಗೆ ಬ್ಯಾಟರಿ ದೀಪವೇ ಇರಲಿ. ಮೇಣದ ಬತ್ತಿಯ ಬೆಳಕು ಚೆಂದ ಎಂದು ಹಟ ಹಿಡಿಯುವವರು ಇರುತ್ತಾರೆ, ಚೆಂದವೇನೋ ನಿಜ. ಆದರೆ ವಾಯ್ಡ್ ಡೆಕ್ಕಿನ ಗಾಳಿ ಕಂಬಗಳ ನಡುವೆ ನುಗ್ಗುತ್ತದೆ, ಮಕ್ಕಳು ರೇಷ್ಮೆ ಲಂಗ ಹಾಕಿಕೊಂಡು ಬಂದಿರುತ್ತಾರೆ, ನೆಲಕ್ಕೆ ಬಿದ್ದ ಮೇಣ ಕೆರೆಯುವವರು ಮರುದಿನದ ಕ್ಲೀನರ್. ಆಕಾಶಕ್ಕೆ ಹಾರಿಬಿಡುವ ದೀಪವಂತೂ ಬೇಡವೇ ಬೇಡ.

ಆ ದಿನ ಹುಣ್ಣಿಮೆ ಚಂದ್ರ ಹುಟ್ಟುವುದು ಸಂಜೆ ಏಳರ ಆಸುಪಾಸು, ಆದರೆ ಎದುರಿನ ಬ್ಲಾಕ್ ದಾಟಿ ಕಾಣಿಸಲು ಎಂಟು ದಾಟಬೇಕು. ಮೆರವಣಿಗೆ 8.15ಕ್ಕಿಡಿ. ಮಳೆ ಬಂದರೆ ಕೊಡೆ ಹಿಡಿದು ಹೊರಡುವುದು ಬೇಡ, ಕಂಬಗಳ ಸುತ್ತ ಮೂರು ಸುತ್ತು ಸಾಕು.

ಒಗಟು ಮತ್ತು ಮೊಲ

ಲಾಂದ್ರದ ಕೆಳಗೆ ಒಗಟಿನ ಚೀಟಿ ಕಟ್ಟುವುದು ಈ ಹಬ್ಬದ ಹಳೆಯ ಆಟ. ಅಕ್ಷರವನ್ನು ಒಡೆದು ಕೂಡಿಸುವ ಒಗಟುಗಳು ಅವರಲ್ಲಿ ಬಹಳ. ಒಂದೇ ತುತ್ತಿಗೆ ಎತ್ತಿನ ಬಾಲ ಕಚ್ಚಿದಾಗ ಸಿಗುವ ಅಕ್ಷರ ಯಾವುದು ಎಂಬಂಥವು. ಅವು ಲಿಪಿ ಬಲ್ಲವರಿಗಷ್ಟೇ. ಅನುವಾದಿಸಲು ಹೋಗಬೇಡಿ, ಹಾಗೇ ಚೀನೀ ಲಿಪಿಯಲ್ಲಿ ಹತ್ತು ಇಡಿ. ವಸ್ತುವಿನ ಒಗಟುಗಳು ಮಾತ್ರ ಯಾವ ಭಾಷೆಗೂ ಬರುತ್ತವೆ: "ತೂತುತೂತಿನ ಮನೆ, ಒಳಗೆ ಕೆಂಪು ಪರದೆ, ಪರದೆಯೊಳಗೆ ಬಿಳಿ ಡುಮ್ಮಣ್ಣ." ಕಡಲೆಕಾಯಿ. ಅದರ ಪಕ್ಕ ನಮ್ಮ "ಅಂಕುಡೊಂಕಿನ ಬಾವಿ, ಇಣುಕಿ ನೋಡಿದರೆ ಹನಿ ನೀರಿಲ್ಲ" ಕಟ್ಟಿ, ಕಿವಿ ತೋರಿಸಿದವರಿಗೆ ಬಹುಮಾನ. ಒಟ್ಟು 40 ಚೀಟಿ, ಪ್ರತಿಯೊಂದಕ್ಕೂ ಸಂಖ್ಯೆ, ಉತ್ತರ ಒಬ್ಬರ ಹತ್ತಿರ. ಚೀಟಿ ಕಿತ್ತು ತರುವುದು ಉತ್ತರ ಸರಿಯಾದ ಮೇಲೆ ಎಂದು ಮೊದಲೇ ಹೇಳಿ, ಇಲ್ಲವಾದರೆ ಐದು ನಿಮಿಷಕ್ಕೆ ದಾರ ಬೋಳು.

ಕಥೆಗೆ ಹತ್ತು ನಿಮಿಷ. ಚೀನೀಯರ ಚಂದ್ರನಲ್ಲಿ ಛಾಂಗ್‌ಅ ಎಂಬ ದೇವಿ, ಔಷಧಿ ಕುಟ್ಟುವ ಪಚ್ಚೆಕಲ್ಲಿನ ಮೊಲ. ನಮ್ಮ ಚಂದ್ರನೂ ಶಶಾಂಕ, ಮೊಲದ ಗುರುತಿನವನು. ಎರಡು ಮಕ್ಕಳು ಎರಡು ಭಾಷೆಯಲ್ಲಿ ಹೇಳಲಿ. ದೊಡ್ಡ ಮಕ್ಕಳಿಗೆ ಇನ್ನೊಂದು ಮುಂದುವರಿಕೆ: ಚೀನಾದ ಚಂದ್ರಯಾನಗಳಿಗೆ ಆ ದೇವಿಯದೇ ಹೆಸರು, 2013ರಲ್ಲಿ ಇಳಿದ ರೋವರ್ ಯೂತು, ಅಂದರೆ ಅದೇ ಮೊಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ದಕ್ಷಿಣ ಧ್ರುವದ ಸಮೀಪ ಇಳಿಯಿತು.

ಎಡವುವ ಜಾಗಗಳು

"ಗೊಂಗ್ ಶಿ ಫಾ ತ್ಸಾಯ್" ಹೊಸವರ್ಷದ ಹಾರೈಕೆ. ಇಲ್ಲಿ ಹೇಳಬೇಕಾದ್ದು "ಜೊಂಗ್ ಛಿಯು ಜ್ಯೆ ಖ್ವಾಯ್ ಲ". ಸ್ವರದ ಏರಿಳಿತವನ್ನು ಅಲ್ಲಿನ ಮಕ್ಕಳಿಂದ ಕಲಿಯಿರಿ.

ಮುಯ್ಯಿಗೆ ನಾವು 51, 101 ಎಂದು ಬೆಸ ಮೊತ್ತ ಇಡುತ್ತೇವೆ. ಅವರಿಗೆ ಶುಭಕ್ಕೆ ಸಮಸಂಖ್ಯೆ, ಅದರಲ್ಲೂ ನಾಲ್ಕು ಬಿಟ್ಟು, ಏಕೆಂದರೆ ಅದರ ಉಚ್ಚಾರ ಸಾವಿನ ಪದಕ್ಕೆ ಹತ್ತಿರ. ಬಿಳಿ ಲಕೋಟೆ ಸಾವಿನ ಮನೆಗೆ. ಗಡಿಯಾರ ಉಡುಗೊರೆ ಬೇಡ. "ಗಡಿಯಾರ ಕೊಡು" ಎಂಬ ಮಾತು ಅಂತ್ಯಕ್ರಿಯೆಯ ಮಾತಿನಂತೆಯೇ ಕೇಳುತ್ತದೆ.

ಬಾವುಟದ ಯೋಚನೆಯೂ ಬೇಡ. ಸಿಂಗಪುರದಲ್ಲಿ ಬೇರೆ ದೇಶದ ರಾಷ್ಟ್ರಲಾಂಛನಗಳ ಬಹಿರಂಗ ಪ್ರದರ್ಶನವನ್ನು ನಿಯಂತ್ರಿಸುವ ಕಾನೂನು 1949ರಿಂದಲೇ ಇದೆ. ಕಾನೂನು ಬಿಟ್ಟರೂ, ನಿಮ್ಮ ಚೀನೀ ನೆರೆಯವರಲ್ಲಿ ಹೆಚ್ಚಿನವರು ಸಿಂಗಪುರದವರೇ, ಕೆಲವರು ಮಲೇಷ್ಯಾದವರು, ಕೆಲವರಷ್ಟೇ ಚೀನಾದಿಂದ ಬಂದವರು. ಅವರನ್ನೆಲ್ಲ ಒಂದು ಬಾವುಟದ ಕೆಳಗೆ ನಿಲ್ಲಿಸುವುದು ಅವರಿಗೇ ಕಿರಿಕಿರಿ. ಗಡಿಯ ಮಾತು ತೆಗೆಯುವ ಒಬ್ಬರಾದರೂ ಸಿಗುತ್ತಾರೆ, ಅದಕ್ಕೇ ಮೈಕು ಬಾಡಿಗೆಗೆ ತರಬೇಡಿ. ಸ್ವಾಗತಕ್ಕೆ ಎರಡು ನಿಮಿಷ, ಬರಿಗಂಟಲಲ್ಲಿ.

ಸಮಯ: 5ಕ್ಕೆ ಮೇಜು, 6ಕ್ಕೆ ಜನ, 7.15ರವರೆಗೆ ಮೂನ್‌ಕೇಕ್ ಮತ್ತು ಮೋದಕ, ಆಮೇಲೆ ಚಹಾ, ಒಗಟು, 8ಕ್ಕೆ ಕಥೆ, 8.15ಕ್ಕೆ ಲಾಂದ್ರ, 9ಕ್ಕೆ ಮುಕ್ತಾಯ, 10ಕ್ಕೆ ನೆಲ ಖಾಲಿ. ಅಚ್ಚುಗಳನ್ನು ಅಂದೇ ರಾತ್ರಿ ಬಿಸಿನೀರಿನಲ್ಲಿ ತೊಳೆದು ಬಿಚ್ಚಿ ಒಣಗಿಸಿ. ಒಳಗಿನ ಸ್ಪ್ರಿಂಗ್‌ಗೆ ಹಿಟ್ಟು ಸಿಕ್ಕಿ ಗಟ್ಟಿಯಾದರೆ ಮುಂದಿನ ವರ್ಷ ಅಲುಗುವುದಿಲ್ಲ. ಲಾಂದ್ರದ ಬ್ಯಾಟರಿ ತೆಗೆದಿಡಿ. ಆಂಟಿಯರು ತಿಂಡಿ ತಂದ ಡಬ್ಬಗಳನ್ನು ಖಾಲಿ ಹಿಂದಿರುಗಿಸಬೇಡಿ, ನಾಲ್ಕು ಚಕ್ಕುಲಿಯಾದರೂ ಇರಲಿ. ಆದರೆ ನಾಲ್ಕಲ್ಲ, ಆರು.